ಬದುಕಿರುವವರಿಗೆ ಜಾಗವಿಲ್ಲ

ಬಾಗಿಲಿಗೆ ಅಡ್ಡವಾಗಿ ಕುರ್ಚಿ ಎಳೆದುಕೊಂಡು ಪದ್ಯಮಾಮ ಕೂತೇಬಿಟ್ಟರು. ಚಟ್ಟ ಎತ್ತಲು ಬಗ್ಗಿದ್ದ ನಾಲ್ವರೂ ಬಗ್ಗಿದಂತೆಯೇ ನಿಂತರು.

"ನನಗೆ ಉತ್ತರ ಸಿಗೋವರೆಗೂ ಇವನನ್ನ ಆಚೆ ಬಿಡಲ್ಲ," ಎಂದರು. ಎಂಬತ್ತು ದಾಟಿ ಮೈ ಕುಗ್ಗಿದ್ದರೂ ಗಂಟಲು ಮಾತ್ರ ಕವಿಗೋಷ್ಠಿಗಳಲ್ಲಿ ಗುಡುಗಿದ ಕಾಲದ್ದೇ.

ತೀರಿಹೋದವರ ಮಗಳು ಬೆಳಗಿನಿಂದ ಹೆದರಿದ್ದು ಇದಕ್ಕೇ. ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಅಪ್ಪ ನಿವೃತ್ತಿಯಾದ ಮೇಲೆ ಸಾಹಿತ್ಯದ ಚರಿತ್ರೆ ಬರೆಯಲು ಕೂತಿದ್ದರು. ಕಲ್ಲಿನ ಮೇಲೆ ಕೆತ್ತಿದವರಿಂದ ಹಿಡಿದು ಟೈಪ್‌ರೈಟರ್ ಕುಟ್ಟಿದವರವರೆಗೆ ಎಲ್ಲರೂ ಅದರಲ್ಲಿದ್ದರು. ಇಲ್ಲದವರೆಂದರೆ ಇನ್ನೂ ಉಸಿರಾಡುತ್ತಿರುವವರು. ಬದುಕಿರುವವರಿಗೆ ಚರಿತ್ರೆಯಲ್ಲಿ ಜಾಗವಿಲ್ಲ ಎಂದು ಅಪ್ಪ ನಿಯಮ ಮಾಡಿಕೊಂಡಿದ್ದರು. ಹಾಗಾಗಿ ಅವರ ಜೀವದ ಗೆಳೆಯ, ಅವಳು ಚಿಕ್ಕಂದಿನಲ್ಲೇ ಪದ್ಯಮಾಮ ಎಂದು ಹೆಸರಿಟ್ಟಿದ್ದ ಈ ಮುದುಕ, ಹೊರಗೇ ಉಳಿದಿದ್ದರು.

"ಮಾಮ, ಇದಕ್ಕೆ ಇದಾ ಹೊತ್ತು?" ಎಂದ ಅಣ್ಣ. "ಬೀದೀಲಿ ಜನ ನಿಂತಿದ್ದಾರೆ."

"ಹೊತ್ತು ಗೊತ್ತು ಇವನು ನೋಡಿದ್ನಾ? ನೀನು ಮೊದಲು ಸಾಯಿ, ಆಮೇಲೆ ಬರೀತೀನಿ ಅಂತ ಇಷ್ಟು ವರ್ಷ ಕಾಯಿಸಿ, ಈಗ ತಾನೇ ಮುಂದೆ ಹೊರಟುಬಿಟ್ಟ! ಇನ್ನು ನನ್ನನ್ನ ಬರೆಯೋರು ಯಾರು?"

ಹಿಂದೆ ಯಾರೋ ಕಿಸಕ್ಕೆಂದು, ತಕ್ಷಣ ಕೆಮ್ಮಿದರು. ಪದ್ಯಮಾಮ ನಗಲಿಲ್ಲ. ಗೆಳೆಯನ ಮಗಳತ್ತ ತಿರುಗಿದರು.

"ಪುಟ್ಟಿ, ಅವನ ಕಣ್ಣು ಹೋದ ಮೇಲೆ ಬರೆದಿದ್ದೆಲ್ಲ ನೀನೇ ತಾನೇ? ಒಂದೇ ಒಂದು ಪ್ಯಾರಾ ಸೇರಿಸು. ಅಪ್ಪ ಹೇಳಿ ಬರೆಸಿದ್ದು ಅನ್ನು. ಇಲ್ಲ ಅನ್ನೋಕೆ ಯಾರಿದ್ದಾರೆ?"

ಗೋಡೆಗೊರಗಿದ್ದ ಪ್ರಕಾಶಕರು ಗಂಟಲು ಸರಿಮಾಡಿಕೊಂಡರು. "ಕೊನೇ ಅಧ್ಯಾಯ ಇನ್ನೂ ಅಚ್ಚಿಗೆ ಹೋಗಿಲ್ಲಮ್ಮ. ನಮಗೇನೂ ತೊಂದರೆ ಇಲ್ಲ."

"ಹೂಂ ಅಂದ್ಬಿಡೇ ಮಾರಾಯ್ತಿ," ಅಣ್ಣ ಅವಳ ಕಿವಿಯಲ್ಲಿ ಪಿಸುಗುಟ್ಟಿದ. "ನಿನ್ನ ಗಂಟೇನು ಹೋಗುತ್ತೆ?"

ಹೋಗುವುದು ಅಪ್ಪನ ಮಾತು. ಅದನ್ನು ಈ ಮನೆಯಲ್ಲಿ ಕೇಳಿದ್ದವಳು ಅವಳೊಬ್ಬಳೇ.

*

ಕೊನೆಯ ಅಧ್ಯಾಯ ಬರೆಸುತ್ತಿದ್ದಾಗ ಒಂದು ಮಧ್ಯಾಹ್ನ ಅವಳು ಪೆನ್ನು ಕೆಳಗಿಟ್ಟು ಕೇಳಿಯೇಬಿಟ್ಟಿದ್ದಳು. "ಅಪ್ಪ, ಪದ್ಯಮಾಮನಿಗೆ ಒಂದು ಸಾಲೂ ಇಲ್ವಾ?"

"ಅವನಿನ್ನೂ ಗುಂಡುಕಲ್ಲಿನ ಹಾಗಿದ್ದಾನಲ್ಲ!"

"ತಮಾಷೆ ಬೇಡಪ್ಪ."

ಅಪ್ಪ ಕಾಣದ ಕಣ್ಣುಗಳನ್ನು ಕಿಟಕಿಯ ಬೆಳಕಿನತ್ತ ತಿರುಗಿಸಿದರು. "ಅವನಿಗೋಸ್ಕರಾನೇ ಆ ನಿಯಮ ಮಾಡಿದ್ದು ಕಣೇ. ಬೇರೆಯವರ ಪದ್ಯ ಓದುವಾಗ ನಾನು ಮೇಷ್ಟ್ರು. ಅವನದ್ದು ಓದೋಕೆ ಕೂತ್ರೆ ಬರೀ ಅವನ ದನಿ ಕೇಳ್ಸುತ್ತೆ. ಒಳ್ಳೇದೋ ಕೆಟ್ಟದ್ದೋ ನನಗೆ ಗೊತ್ತೇ ಆಗಲ್ಲ. ಹೊಗಳಿದ್ರೂ ಸುಳ್ಳು, ತೆಗಳಿದ್ರೂ ಸುಳ್ಳು. ನಾನು ಬರೀಬಾರದು. ನನ್ನ ಹೆಸರಲ್ಲಿ ಇನ್ನೊಬ್ಬರೂ ಬರೀಬಾರದು, ತಿಳೀತಾ?"

"ಅದನ್ನ ಮಾಮನಿಗೇ ಹೇಳ್ಬಹುದಲ್ಲ?"

"ಹೇಳಿದ್ರೆ ಅವನು ಇನ್ನು ಬರೆಯೋದೇ ಇಲ್ಲ. ಮುಂದಿನ ಸಾಲು ಬರ್ಕೋ."

*

"ಆಗಲ್ಲ ಮಾಮ," ಎಂದಳು ಮಗಳು. ಅಪ್ಪ ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದಳು.

ಪದ್ಯಮಾಮ ದಡಕ್ಕನೆ ಎದ್ದರು. "ಗೊತ್ತಾಗಲ್ವಂತೆ! ಲೋಕದ ಪದ್ಯವೆಲ್ಲ ಗೊತ್ತಾಗುತ್ತೆ, ನಂದು ಮಾತ್ರ ಗೊತ್ತಾಗಲ್ವಂತೆ! ನಡೀರಿ ಸ್ಮಶಾನಕ್ಕೆ. ಅಲ್ಲಿ ಎಲ್ಲರ ಮುಂದೆ ಹೇಳ್ತೀನಿ. ಜೀವಮಾನವೆಲ್ಲ ಜೊತೇಲಿದ್ದು ನನ್ನ ಒಂದು ಸಾಲನ್ನೂ ಇವನು ತಲೇಲಿ ಇಟ್ಕೊಳ್ಲಿಲ್ಲ ಅಂತ ಹೇಳ್ತೀನಿ!"

ಅಣ್ಣ ಮುಷ್ಟಿ ಬಿಗಿದ.

"ತಲೇಲಿ ಏನೂ ಇರ್ಲಿಲ್ಲ ಮಾಮ," ಮಗಳಿಗೆ ಅಳು ಒತ್ತರಿಸಿ ಬಂತು. "ಯಾರದ್ದೂ ಇರ್ಲಿಲ್ಲ."

ಮೊಮ್ಮಗಳ ಮನೆಗೆ ಹೋಗಿದ್ದ ಪದ್ಯಮಾಮ ಆ ಕೊನೆಯ ತಿಂಗಳುಗಳನ್ನು ನೋಡಿರಲಿಲ್ಲ. ಅಪ್ಪನ ಮರೆವು ಹೊಸಬರಿಂದ ಶುರುವಾಗಿತ್ತು. ಮೊದಲು ಟೈಪ್‌ರೈಟರ್ ಕಾಲದವರು ಅಳಿಸಿಹೋದರು. ಆಮೇಲೆ ಅಚ್ಚುಕೂಟದವರು, ಊರೂರು ತಿರುಗಿ ಹಾಡಿದವರು, ಅರಮನೆಯ ಕವಿಗಳು. ಕೊನೆಗೆ ಕಲ್ಲಿನ ಮೇಲೆ ಕೆತ್ತಿದವರೂ ಹೋದರು. ಒಂದು ದಿನ ಅನ್ನ ಕಲಸಿಕೊಡುತ್ತಿದ್ದ ಮಗಳನ್ನೇ "ಯಾರಮ್ಮ ನೀನು?" ಎಂದು ಕೇಳಿದರು. ಅವತ್ತು ಅವಳು ಅಡುಗೆಮನೆಯಲ್ಲಿ ಬಿಕ್ಕಿಬಿಕ್ಕಿ ಅತ್ತಿದ್ದಳು.

"ಎರಡು ಸಾಲು ಮಾತ್ರ ಹೋಗ್ಲಿಲ್ಲ," ಎಂದಳು. "ಹಗಲೂ ರಾತ್ರಿ ಅದೇ. ಎಲ್ಲಕ್ಕಿಂತ ಕೊನೇಲಿ ಉಳಿದದ್ದು ಅಂದ್ರೆ ಎಲ್ಲಕ್ಕಿಂತ ಹಳೇದೇ ಇರ್ಬೇಕು ಅಂತ ಚರಿತ್ರೆಯೆಲ್ಲ ತಡಕಾಡಿದೆ, ಸಿಗ್ಲಿಲ್ಲ. ಯಾವ ಕಾಲದ್ದು ಮಾಮ ಇದು?

ಹೊಳೆ ದಾಟುವನಕ ನನ್ನ ಹೆಗಲು ನಿನಗೆ,
ದಾಟಿದ ಬಳಿಕ ನಿನ್ನ ಹೆಗಲು ನನಗೆ."

ಪದ್ಯಮಾಮನ ಕೈ ಹಿಂದಕ್ಕೆ ಹೋಗಿ ಕುರ್ಚಿಯನ್ನು ಹುಡುಕಿ ಹಿಡಿಯಿತು.

"ಇನ್ನೊಂದ್ಸಲ ಹೇಳು."

ಹೇಳಿದಳು.

"ಭಾರೀ ಚೆನ್ನಾಗಿದೆ!" ಪ್ರಕಾಶಕರು ಗೋಡೆ ಬಿಟ್ಟು ಮುಂದೆ ಬಂದರು. "ಯಾರದ್ದು ಸಾರ್? ಹೆಸರು ಹೇಳಿ, ಪುಸ್ತಕಕ್ಕೆ ಸೇರಿಸಿಬಿಡೋಣ."

ಪದ್ಯಮಾಮ ಗೆಳೆಯನ ಮುಖವನ್ನೇ ನೋಡುತ್ತ ನಿಂತರು. ಅಣ್ಣ ಇನ್ನೇನು ತಾಳ್ಮೆಗೆಡುವವನಿದ್ದ.

"ಯಾರದ್ದೋ," ಎಂದರು ಕಡೆಗೆ. ದನಿಯಲ್ಲಿ ಆ ಗುಡುಗಿರಲಿಲ್ಲ. "ಬರೆದವನು ಯಾರೋ ಗೊತ್ತಿಲ್ಲ. ಸೇರಿಸೋದೆಲ್ಲ ಬೇಡ ಬಿಡಿ."

ಕುರ್ಚಿಯನ್ನು ತಾವೇ ಎತ್ತಿ ಪಕ್ಕಕ್ಕಿಟ್ಟರು. ಚಟ್ಟದ ತಲೆಯ ಕಡೆ ಮತ್ತೆ ಬಗ್ಗಿದ ಅಣ್ಣನ ಭುಜ ತಟ್ಟಿದರು.

"ಆಚೆ ಸರಿಯೋ. ಅದು ನನ್ನ ಜಾಗ."

"ಮಾಮ, ನಿಮ್ಮ ಮಂಡಿ..."

"ಸರಿ ಅಂದೆ!"

ಎತ್ತಿದರು. ಕುಳ್ಳಗಿದ್ದ ಪದ್ಯಮಾಮನ ಕಡೆಗೆ ಚಟ್ಟ ವಾಲಿತು. ಅಪ್ಪನ ತಲೆಯೂ ಅತ್ತಲೇ ಹೊರಳಿ, ಮಾಮನ ಬಾಯಿಯ ಹತ್ತಿರ ಬಂತು. ಮೆಟ್ಟಿಲಿಳಿಯುವಾಗ ಬಿದ್ದಾರೆಂದು ಮಗಳು ಓಡಿಹೋಗಿ ಅವರ ಬೆನ್ನಿಗೆ ಕೈ ಕೊಟ್ಟಳು. ಏದುಸಿರಿನ ನಡುವೆ ಅವರು ಗೆಳೆಯನ ಕಿವಿಗೆ ಏನೋ ಹೇಳುತ್ತಿದ್ದರು. ಅದೇ ಎರಡು ಸಾಲು. ಅವರು ಅಲ್ಲಿಗೇ ನಿಲ್ಲಿಸಲಿಲ್ಲ.

"ದಡ ಸೇರಿದ ಮೇಲೆ ಇಬ್ಬರೂ ಕೂಡಿ ತಳ್ಳೋಣ
ಗಾಳಿಯಿಳಿದ ನಮ್ಮ ಸೈಕಲ್ಲನ್ನು."

ಕಲ್ಲಿನ ಮೇಲೆ ಕೆತ್ತುತ್ತಿದ್ದ ಕಾಲದಲ್ಲಿ ಎಲ್ಲಿಯ ಸೈಕಲ್ಲು! ಮಗಳು ಅವರ ಮುಖ ನೋಡಿದಳು. ಪದ್ಯಮಾಮ ಅವಳತ್ತ ತಿರುಗಲಿಲ್ಲ. ಭಾರವನ್ನು ಕುತ್ತಿಗೆಯ ಹತ್ತಿರಕ್ಕೆ ಸರಿಸಿಕೊಂಡು, ಕಣ್ಣೀರು ಒರೆಸಲು ಕೈ ಬಿಡುವಿಲ್ಲದೆ, ಕುಂಟುತ್ತ ಬೀದಿಗಿಳಿದರು.