ಟ್ರಂಪೆಟ್ ಸುಮ್ಮನಾದ ಜಾಗ

“ನಿಲ್ಸಿ, ನಿಲ್ಸಿ! ಇಲ್ಯಾಕಮ್ಮಾ ಸುಮ್ಮನಾಗ್ಬಿಟ್ಟೆ?” ದರ್ಜಿಯಮ್ಮ ಮೈಕಿನಿಂದ ಮುಖ ತಿರುಗಿಸಿ ಟ್ರಂಪೆಟ್ ಹುಡುಗಿಯನ್ನು ಕೇಳಿದಳು.

ಹುಡುಗಿ ವಾದ್ಯವನ್ನು ತುಟಿಯಿಂದ ಇಳಿಸಿದಳು. “ರೆಕಾರ್ಡಲ್ಲಿ ಹಾಗೇ ಇದೆಯಲ್ಲಮ್ಮಾ. ಎರಡನೇ ಚರಣ ಆದ್ಮೇಲೆ ನಾಲ್ಕು ಸುತ್ತು ಟ್ರಂಪೆಟ್ಟೇ ಇಲ್ಲ. ಬರೀ ಡ್ರಮ್ಮು, ಬೇಸ್ ಗಿಟಾರು. ನಮಗೆಲ್ಲ ಆ ಜಾಗ ಅಂದ್ರೆ ಪ್ರಾಣ.”

ಮುಚ್ಚಿಹೋದ ಮರದ ಮಿಲ್ಲಿನ ಗೋದಾಮು ಅದು. ಗೋಡೆಗೆ ಹಳೆಯ ಹಾಸಿಗೆಗಳನ್ನು ಒರಗಿಸಿ ಸದ್ದು ಹೊರಹೋಗದಂತೆ ಮಾಡಿಕೊಂಡಿದ್ದರು. ಯಾವ ರೆಕಾರ್ಡ್ ಕಂಪನಿಯ ಹಂಗೂ ಇಲ್ಲದ ಈ ವಾದ್ಯತಂಡದ ಐದು ಜನ, ತಾವು ಹುಟ್ಟುವುದಕ್ಕೂ ಮೊದಲಿನ, ಸೋಲ್, ಫಂಕ್ ಎಂಬ ಅಮೆರಿಕನ್ ಧಾಟಿಯ ಹಾಡುಗಳನ್ನು ಹುಡುಕಿ ಹುಡುಕಿ ನುಡಿಸುತ್ತಿದ್ದರು. ಹಳೇ ಸಾಮಾನಿನ ಅಂಗಡಿಯಲ್ಲಿ ಸಿಕ್ಕಿದ ಒಂದು ರೆಕಾರ್ಡಿನ ಜಾಡು ಹಿಡಿದು ಅವಳ ಹೊಲಿಗೆ ಅಂಗಡಿಗೆ ಬಂದಾಗ, ದರ್ಜಿಯಮ್ಮ “ಇದನ್ನ ಹಾಡಿದೋಳು ಸತ್ತು ಎಷ್ಟೋ ಕಾಲವಾಯ್ತು” ಎಂದು ಅವರನ್ನು ಸಾಗಹಾಕಲು ನೋಡಿದ್ದಳು. ಪಕ್ಕದಲ್ಲಿ ಗುಂಡಿ ಹೊಲಿಯುತ್ತಿದ್ದ ಸೊಸೆ ರೆಕಾರ್ಡಿನ ಹೊದಿಕೆಯ ಮೇಲಿನ ಫೋಟೋ ಇಣುಕಿ ನೋಡಿ, “ಅತ್ತೇ, ಇದು ನಿಮ್ಮದೇ ಮೂಗು!” ಎಂದು ಗುಟ್ಟು ರಟ್ಟು ಮಾಡಿಬಿಟ್ಟಳು. ಅವರು ಮೂರು ವಾರ ಗೋಗರೆದ ಮೇಲೆ ಇವತ್ತು, ಅಂಗಡಿಯ ರಜೆಯ ದಿನ, ದರ್ಜಿಯಮ್ಮ ಬಂದಿದ್ದಳು.

ದರ್ಜಿಯಮ್ಮನಿಗೆ ನಗು ಬಂತು. ಬಂದದ್ದು ಅರ್ಧಕ್ಕೇ ನಿಂತಿತು.

“ಅದು ಬೇಕು ಅಂತ ಬಿಟ್ಟಿದ್ದಲ್ಲ ಕಣೇ. ಟ್ರಂಪೆಟ್ ಊದ್ತಿದ್ದೋನು ನನ್ನ ತಮ್ಮ. ಅವನಿಗೆ ಉಸಿರು ಸಾಲಲಿಲ್ಲ, ಅಷ್ಟೇ.”

ಅಂದು ಸ್ಟುಡಿಯೋದವರು ಕೊಟ್ಟಿದ್ದೇ ಎರಡು ಗಂಟೆ. ಕೊನೆಯ ಸಲ ನುಡಿಸುವಾಗ ತಮ್ಮ ತುಟಿಗಿಟ್ಟ ಟ್ರಂಪೆಟ್ಟನ್ನು ಇಟ್ಟ ಹಾಗೇ ನಿಂತುಬಿಟ್ಟಿದ್ದ. ಹೊರಗೆ ಬಂದ ಮೇಲೆ, ಎಲ್ಲರೆದುರೇ ಅವಳು ಅವನ ಮೇಲೆ ಹರಿಹಾಯ್ದಿದ್ದಳು: “ಸಿಗರೇಟು ಸೇದ್ಕೊಂಡು ಬಂದು ನಮ್ಮೆಲ್ಲರ ಮಾನ ಕಳೆದೆಯಲ್ಲೋ!” ಅವನ ಎದೆಯಲ್ಲಿ ರೋಗ ಬೇರೂರಿದ್ದು ಗೊತ್ತಾಗುವ ಹೊತ್ತಿಗೆ ಎರಡು ತಿಂಗಳಾಗಿತ್ತು. ಆ ವರ್ಷ ಮುಗಿಯುವುದರೊಳಗೆ ಅವನಿರಲಿಲ್ಲ. ಅವಳು ಹಾಡುವುದನ್ನು ಬಿಟ್ಟಳು. ಆ ರೆಕಾರ್ಡನ್ನು ಒಮ್ಮೆಯೂ ಹಾಕಿ ಕೇಳಲಿಲ್ಲ.

ಇಷ್ಟನ್ನೂ ಅವಳು ಮೈಕಿನ ಮುಂದೆ ನಿಂತಲ್ಲೇ ಹೇಳಿದಳು. ಡ್ರಮ್ ನುಡಿಸುವವನಿಗೆ ಎಲ್ಲರೂ ಗುಂಡ ಎನ್ನುತ್ತಿದ್ದರು. ಅವನು ಕೋಲುಗಳನ್ನು ತೊಡೆಯ ಮೇಲಿಟ್ಟುಕೊಂಡು ನೆಲ ನೋಡುತ್ತ ಕೂತ.

ಟ್ರಂಪೆಟ್ ಹುಡುಗಿಯೇ ಹತ್ತಿರ ಬಂದಳು. “ಅಮ್ಮಾ, ಅವರು ಅಲ್ಲಿ ಏನು ನುಡಿಸಬೇಕಿತ್ತು? ನೆನಪಿದೆಯಾ?”

“ಮಾಳಿಗೆ ಮೇಲೆ ಕೂತು ಬೆಳಗ್ಗೆ ಸಂಜೆ ಅದನ್ನೇ ಊದಿ ನನ್ನ ತಲೆ ತಿಂದಿದ್ದಾನೆ. ಮರೆಯೋದು ಹೇಗೆ?”

ಬಾಯಿ ಮುಚ್ಚಿಕೊಂಡೇ ಗುನುಗಿದಳು. ಹುಡುಗಿ ಅದರ ಹಿಂದೆಯೇ ಸ್ವರ ಹುಡುಕುತ್ತ ಊದಿದಳು. ತಪ್ಪಿದಳು, ಮತ್ತೆ ಊದಿದಳು.

“ಹಾಗಲ್ಲ. ಕೊನೇಲಿ ಒಂಚೂರು ಎಳೀಬೇಕು. ಅವನಿಗೆ ದಡಬಡ ಅಂತ ಮುಗಿಸೋದು ಆಗ್ತಿರ್ಲಿಲ್ಲ. ಹ್ಞಾ... ಹಾಗೆ.”

“ಮೊದಲಿಂದ ನುಡಿಸೋಣ್ವಾ?”

“ಹ್ಞೂಂ.”

ಮೊದಲ ಚರಣದಲ್ಲಿ ಅವಳ ಗಂಟಲು ತುಸು ಕರಕರ ಎಂದಿತು. ಎರಡನೆಯದರಲ್ಲಿ ತಿಳಿಯಾಯಿತು. ಆಮೇಲೆ ಟ್ರಂಪೆಟ್ ಎದ್ದಿತು. ಒಂದು ಸುತ್ತು, ಎರಡು, ಮೂರು. ನಾಲ್ಕನೆಯದರ ಕೊನೆಯಲ್ಲಿ ಹುಡುಗಿ ಸ್ವರವನ್ನು ಎಳೆದು, ಮೆಲ್ಲಗೆ ಬಿಟ್ಟುಕೊಟ್ಟಳು.

ದರ್ಜಿಯಮ್ಮ ಹಾಡು ಎತ್ತಿಕೊಳ್ಳಬೇಕಾಗಿದ್ದ ಹೊತ್ತು ದಾಟಿಹೋಯಿತು. ಅವಳು ಮೈಕಿನ ಕಂಬ ಹಿಡಿದು ತಲೆ ತಗ್ಗಿಸಿ ನಿಂತಿದ್ದಳು. ನಿಲ್ಲಿಸಲೇ ಎಂದು ಗುಂಡ ಕಣ್ಣಲ್ಲೇ ಕೇಳಿದ. ಹುಡುಗಿ ಬೇಡವೆಂದು ತಲೆಯಾಡಿಸಿದಳು.

ಗುಂಡ ಅದೇ ತಾಳವನ್ನು ಇನ್ನೊಂದು ಸುತ್ತು ನುಡಿಸಿದ. ಆಮೇಲೆ ಮತ್ತೊಂದು.