ಹೂವು ಉಳಿದ ಬಂದೂಕು

ವಿನಾಯಕನಿಗೆ ಹೂವಿನ ಬಂದೂಕು ಸಿಕ್ಕಿದ ದಿನದಿಂದ ಪದ್ಮನಾಭನಿಗೆ ತಿಂದ ಅನ್ನ ಮೈಗೆ ಹತ್ತುತ್ತಿರಲಿಲ್ಲ.

ಇಬ್ಬರೂ ಜಪಾನಿನ ನಗೋಯಾದಲ್ಲಿ ಕಾರಿನ ಬಿಡಿಭಾಗ ತಯಾರಿಸುವ ಕಂಪನಿಯ ಇಂಜಿನಿಯರುಗಳು. ಯುದ್ಧಕಾಲದ ಜಪಾನೀ ಬಂದೂಕು ಕೂಡಿಡುವ ಹುಚ್ಚು ಮೊದಲು ಹಿಡಿದದ್ದು ಪದ್ಮನಾಭನಿಗೆ. ಗುಂಡು ಹಾರದಂತೆ ನಳಿಗೆ ಮುಚ್ಚಿದ ಹಳೆಯ ಬಂದೂಕುಗಳನ್ನು ಮಾರುವ ಮೊರಿತಾ ಸಾನ್ ಅಂಗಡಿಗೆ ವಿನಾಯಕನನ್ನು ಕೈಹಿಡಿದು ಕರೆದೊಯ್ದವನೂ ಅವನೇ. ಪಾಠ ಹೇಳಿಕೊಟ್ಟ ತಪ್ಪಿಗೆ ಅನುಭವಿಸಬೇಕಲ್ಲ!

ಆ ಕಾಲದ ಬಂದೂಕಿನ ಮೇಲೆ ಚಕ್ರವರ್ತಿಯ ಸೇವಂತಿಗೆ ಹೂವಿನ ಮುದ್ರೆ ಇರುತ್ತಿತ್ತು. ಯುದ್ಧ ಸೋತಾಗ, ಶತ್ರುವಿಗೆ ಒಪ್ಪಿಸುವ ಮುನ್ನ ಬಹುಪಾಲು ಬಂದೂಕುಗಳಿಂದ ಅದನ್ನು ಉಜ್ಜಿ ಅಳಿಸಿಬಿಟ್ಟರು. ಹೂವು ಉಳಿದದ್ದು ಸಿಗುವುದೇ ಅಪರೂಪ. ಅಂಥದ್ದೊಂದಕ್ಕಾಗಿ ಪದ್ಮನಾಭ ವರ್ಷಗಟ್ಟಲೆ ಕಾದಿದ್ದ. ಅದು ಅಂಗಡಿಗೆ ಬಂದದ್ದು ಅವನು ತಂಗಿಯ ಮದುವೆಗೆಂದು ಮೈಸೂರಿಗೆ ಹೋಗಿದ್ದ ವಾರ. ಸುಮ್ಮನೆ ಅಡ್ಡಾಡಲು ಹೋಗಿದ್ದ ವಿನಾಯಕ ಕೊಂಡುಬಂದ.

ಅಂದಿನಿಂದ ಪದ್ಮನಾಭನಿಗೆ ತನ್ನ ಮೂರು ಬಂದೂಕುಗಳು ಸೌದೆಯ ಹಾಗೆ ಕಾಣತೊಡಗಿದವು. ಒರೆಸುವುದನ್ನೂ ಬಿಟ್ಟ. ಆಯುಧಪೂಜೆಗೆ ಎರಡು ದಿನವಿದ್ದಾಗ ವಿನಾಯಕ ಕಾರು ತಂದು, "ಅಣ್ಣಾ, ಎಲ್ಲಾ ಒಟ್ಟಿಗೇ ಇಟ್ಟು ಪೂಜೆ ಮಾಡೋಣ, ನಮ್ಮನೇಲಿ ಸ್ಪೇಸ್ ಇದೆ," ಎಂದಾಗ, ತೊಲಗಿದರೆ ಸಾಕೆಂಬಂತೆ ಕೊಟ್ಟುಬಿಟ್ಟ.

ಮರುದಿನ ವಿನಾಯಕನ ಹೆಂಡತಿ ಕೋಕಿಲಾ ಫೋನ್ ಮಾಡಿದಳು.

"ಅಣ್ಣಾ, ಊರಲ್ಲಿ ಪೂಜೆಗೆ ಮುಂಚೆ ಎಲ್ಲಾನೂ ಹುಣಸೆಹಣ್ಣು ಹಾಕಿ ಬೆಳಗ್ತೀವಲ್ಲ, ಈ ಗನ್‌ಗೂ ಹಾಗೇ ಮಾಡ್ಬಹುದಾ? ಇವರನ್ನ ಕೇಳಿದ್ರೆ, ಅಣ್ಣಂಗೆ ಗೊತ್ತಿರತ್ತೆ ಅಂದ್ರು."

ಪದ್ಮನಾಭನಿಗೆ ಗೊತ್ತಿತ್ತು: ಹಳೆಯ ಉಕ್ಕಿನ ಆ ಕಪ್ಪು ಬಣ್ಣವೇ ಬಂದೂಕಿನ ಬೆಲೆ, ಅದೇ ಜೀವ. ಹುಳಿ ಹಚ್ಚಿ ಉಜ್ಜಿದರೆ ಮುಗಿಯಿತು. ಬೇಡ ಎನ್ನುವ ಒಂದು ಮಾತು ನಾಲಿಗೆಯ ತುದಿಯಲ್ಲಿತ್ತು. ಆ ಹೂವು ಕಣ್ಣಮುಂದೆ ಬಂತು.

"ಅದಕ್ಕೇನಮ್ಮಾ, ಚೆನ್ನಾಗಿ ಉಜ್ಜಿ," ಎಂದ. "ಸ್ವಲ್ಪ ಉಪ್ಪೂ ಹಾಕ್ಕೊಳ್ಳಿ."

ಆ ರಾತ್ರಿ ಅವನಿಗೆ ಎಷ್ಟೋ ದಿನದ ಮೇಲೆ ಕಣ್ತುಂಬ ನಿದ್ದೆ ಬಂತು. ಹೊಟ್ಟೆಕಿಚ್ಚಿಗೆ ಒಂದೇ ಕಣ್ಣು ನೋಡಿ. ತನ್ನವೂ ಅದೇ ಮನೆಯಲ್ಲಿವೆ ಎಂಬುದು ಅದಕ್ಕೆ ಹೊಳೆಯಲೇ ಇಲ್ಲ.

ಪೂಜೆಯ ದಿನ ಹೋದಾಗ ದೇವರ ಮುಂದೆ ನಾಲ್ಕು ಬಂದೂಕುಗಳು ಸಾಲಾಗಿದ್ದವು. ಮೂರು ಹೊಸ ಸ್ಟೀಲ್ ಲೋಟದಂತೆ ಬೆಳ್ಳಗೆ ಹೊಳೆಯುತ್ತಿದ್ದವು. ನಾಲ್ಕನೆಯದು ಮೊದಲಿನಂತೆಯೇ ಕಪ್ಪಗಿತ್ತು, ಅದರ ಮೇಲೆ ಸೇವಂತಿಗೆಯ ಒಂದು ಎಸಳೂ ಮಾಸಿರಲಿಲ್ಲ.

"ನೀವು ದೊಡ್ಡೋರು, ನಿಮ್ಮವೇ ಮೊದ್ಲು ಆಗ್ಲಿ ಅಂತ ಶುರು ಮಾಡ್ದೆ," ಎಂದಳು ಕೋಕಿಲಾ, ಉಜ್ಜಿ ಉಜ್ಜಿ ಕೆಂಪಾದ ಅಂಗೈ ತೋರಿಸುತ್ತಾ. "ನಮ್ಮದಕ್ಕೆ ಬರೋ ಹೊತ್ತಿಗೆ ಹುಣಸೆಹಣ್ಣು ಒಂದೇ ಉಂಡೆ ಉಳಿದಿತ್ತು. ಪುಳಿಯೋಗರೆಗೆ ಬೇಕಲ್ಲಾ ಅಂತ ಬಿಟ್ಬಿಟ್ಟೆ."

"ಸೂಪರ್ ಆಗಿದೆ ಅಲ್ವಾ ಅಣ್ಣಾ? ನನ್ನದೇ ಡಲ್ ಹೊಡೀತಿದೆ," ಎಂದು ವಿನಾಯಕ ಪೆಚ್ಚಾಗಿ ನಕ್ಕ.

ಪದ್ಮನಾಭ ತನ್ನ ಮೊದಲ ಬಂದೂಕನ್ನು ಎತ್ತಿಕೊಂಡ. ಜಪಾನಿಗೆ ಬಂದ ಹೊಸತರಲ್ಲಿ, ಮಾತನಾಡಿಸುವವರು ಯಾರೂ ಇಲ್ಲದ ಚಳಿಗಾಲದಲ್ಲಿ, ಭಾನುವಾರವೆಲ್ಲ ಎಣ್ಣೆ ಸವರುತ್ತಾ ಕೂತಿರುತ್ತಿದ್ದದ್ದು ಇದಕ್ಕೇ. ಹೂವಿಲ್ಲದಿದ್ದರೇನು, ಎಷ್ಟು ಚೆನ್ನಾಗಿತ್ತು! ಯಾರನ್ನು ಬೈಯುವುದು?

ಹಿರಿಯನೆಂದು ಮಂಗಳಾರತಿಯನ್ನೂ ಅವನ ಕೈಯಲ್ಲೇ ಎತ್ತಿಸಿದರು. ಆಮೇಲೆ ಊಟಕ್ಕೆ ಕೂರಿಸಿ, ಕೋಕಿಲಾ ಮೊದಲು ಬಡಿಸಿದ್ದೇ ಪುಳಿಯೋಗರೆ. ಹೂವನ್ನು ಉಳಿಸಿದ ಆ ಒಂದು ಉಂಡೆ ಹುಣಸೆಹಣ್ಣು ಅವನ ತಟ್ಟೆಗೇ ಬಂದಿತ್ತು.

"ಹುಳಿ ಜಾಸ್ತಿ ಆಯ್ತಾ ಅಣ್ಣಾ? ಕಣ್ಣಲ್ಲಿ ನೀರು ಬರ್ತಿದೆ?"

"ಇಲ್ಲಮ್ಮಾ," ಎಂದ ಪದ್ಮನಾಭ, ತಲೆ ಎತ್ತದೆ. "ಸರಿಯಾಗೇ ಇದೆ. ಇನ್ನೊಂಚೂರು ಹಾಕಿ."