ಗೂಡಿನೊಳಗಿನ ಪಿಸುದನಿ

ನೆರಿನಾ ಫುರ್ಲಾನ್ ಇಪ್ಪತ್ತೇಳು ವರ್ಷ ಇಟಲಿಯ ತ್ರಿಯೆಸ್ತೆ ಊರಿನ ಒಪೆರಾದಲ್ಲಿ ಹಾಡಿದವಳು. ಒಂದು ಸಾಲನ್ನೂ ತಾನಾಗಿ ನೆನಪಿಟ್ಟವಳಲ್ಲ. ರಂಗದ ಅಂಚಿನ ಗೂಡಿನಲ್ಲಿ ಕುತ್ತಿಗೆವರೆಗೆ ಹೂತವನಂತೆ ಕೂತ ಎಜಿದಿಯೋ ಮಿಠಾಯಿ ಚೀಪುತ್ತ ಪ್ರತಿ ಸಾಲಿನ ಮೊದಲ ಪದವನ್ನು ಅರೆಕ್ಷಣ ಮುಂಚೆ ಪಿಸುಗುಟ್ಟುತ್ತಿದ್ದ, ಇವಳ ಗಂಟಲು ಅದನ್ನು ಹಿಡಿದು ಹಾಡುತ್ತಿತ್ತು. ನಡುವೆ ಬುದ್ಧಿಗೆ ಕೆಲಸವೇ ಇರಲಿಲ್ಲ. ಇಂಥವಳನ್ನು ಪಕ್ಷದವರು ಹುಡುಕಿಕೊಂಡು ಬಂದು ಟಿಕೆಟ್ ಕೊಟ್ಟದ್ದರಲ್ಲಿ ಆಶ್ಚರ್ಯವೇನಿದೆ?

ಗೆದ್ದು ರೋಮಿನ ಸಂಸತ್ತಿಗೆ ಹೋದಳು. ಎರಡನೇ ತಿಂಗಳಲ್ಲೇ ಪಕ್ಷ ಅವಳ ಕೈಗೊಂದು ಭಾಷಣ ತುರುಕಿತು. ಹಡಗುಕಟ್ಟೆಯಲ್ಲಿ ಆಸ್ಬೆಸ್ಟಾಸ್ ಎಂಬ ಕಲ್ನಾರಿನ ಧೂಳು ಕುಡಿದು ಸತ್ತವರ ಕೇಸುಗಳನ್ನೆಲ್ಲ ಮುಚ್ಚಿಹಾಕುವ ಮಸೂದೆಗೆ ಬೆಂಬಲದ ಭಾಷಣ. ಆ ಕಟ್ಟೆ ಅವಳ ಊರಿನದೇ. ಅಪ್ಪ ಅಲ್ಲಿ ವೆಲ್ಡರ್ ಆಗಿದ್ದ. ಆ ಧೂಳು ಮೆತ್ತಿದ ಅವನ ಅಂಗಿಗಳನ್ನು ದಿನಾ ಕೊಡವಿ ಒಗೆದವಳು ತಂಗಿ ವಿಲ್ಮಾ. ಈಗ ವಿಲ್ಮಾ ಕೆಮ್ಮುತ್ತಿದ್ದಳು.

“ಓದ್ತೀಯಾ ಅಕ್ಕ ಅದನ್ನ?” ಎಂದು ಫೋನಿನಲ್ಲಿ ಕೇಳಿದಳು.

“ಪಕ್ಷದ ಮಾತು ಕಣೇ. ನಾನೊಬ್ಳು ಓದದಿದ್ರೆ ನಿಲ್ಲುತ್ತಾ?”

“ಓದು, ಓದು. ಯಾರೋ ಹೇಳಿದ್ದಕ್ಕೆ ಬಾಯಿ ತೆಗೆಯೋದು ನಿಂಗೇನು ಹೊಸದಾ? ಆಮೇಲೆ ನನ್ ಮಂಚದ ಹತ್ರ ಬಂದು ಅಳ್ಬೇಡ, ಅಷ್ಟೆ.”

ಮರುದಿನ ನೆರಿನಾ ಸಭೆಯಲ್ಲಿ ಎದ್ದು ಕಾಗದ ಬಿಡಿಸಿದಳು. “ಮಾನ್ಯ ಅಧ್ಯಕ್ಷರೇ,” ಅನ್ನುವಷ್ಟರಲ್ಲಿ ಕಾಲಬುಡದಿಂದ ಪಿಸುದನಿ ಬಂತು. ಎಂದಿನಂತೆ ಅರೆಕ್ಷಣ ಮುಂಚೆ, ಮಿಠಾಯಿ ಚೀಪುವ ಅದೇ ಬಾಯಿಂದ. ಎಜಿದಿಯೋನನ್ನು ಮಣ್ಣು ಮಾಡಿ ಮೂರು ವರ್ಷವಾಗಿತ್ತು. ಆವತ್ತು ಹಾಡಿದ್ದೂ ಇವಳೇ.

“ಬೆವಿಲಾಕ್ವಾ ಟುಲ್ಲಿಯೋ,” ಎಂದಿತು ದನಿ, ಕಟ್ಟೆಯಲ್ಲಿ ಹಾಜರಿ ಕೂಗುವ ಹಾಗೆ ಮನೆತನದ ಹೆಸರು ಮೊದಲಿಟ್ಟು.

ಗಂಟಲು ಕೇಳಬೇಕಲ್ಲ! ಸಭೆಗೆಲ್ಲ ಕೇಳುವಂತೆ ಅವಳು ಅದನ್ನೇ ಹೇಳಿಬಿಟ್ಟಳು. ಟುಲ್ಲಿಯೋ ಹಡಗಿಗೆ ಬಣ್ಣ ಬಳಿಯುವವನು, ಆ ಧೂಳಿನಿಂದಲೇ ಸತ್ತು ಹನ್ನೊಂದು ವರ್ಷ. ಆಮೇಲೆ ಜೆರ್ಮೆಕ್ ಸ್ಟಾಂಕೊ. ಆಮೇಲೆ ಫುರ್ಲಾನ್ ಬ್ರೂನೊ, ಅವಳ ಅಪ್ಪ. ಕಣ್ಣಲ್ಲಿ ನೀರು ಬಂತು, ಸ್ವರ ಮಾತ್ರ ನಡುಗಲಿಲ್ಲ. ಸತ್ತ ಕ್ರಮದಲ್ಲೇ ಒಬ್ಬರನ್ನೂ ಬಿಡದೆ ಹೆಸರುಗಳು ಬರುತ್ತಲೇ ಇದ್ದವು.

“ಏನಮ್ಮಾ ಇದು? ಕಾಗದ ನೋಡಮ್ಮಾ, ಕಾಗದ!” ಎಂದು ಪಕ್ಷದ ಸಚೇತಕ ಅವಳ ತೋಳು ಜಗ್ಗಿದ. ಮಸೂದೆಯ ಗತಿ ನೋಡಲು ಬಂದು ಮೇಲೆ ಗ್ಯಾಲರಿಯಲ್ಲಿ ಕೂತಿದ್ದ ಊರಿನ ವಿಧವೆಯರು ಎದ್ದು ನಿಂತರು. ನೆರಿನಾಗೆ ಹೆದರಿಕೆಯಾಗಿತ್ತು, ಸುಳ್ಳು ಯಾಕೆ, ಸಂತೋಷವೂ ಆಗಿತ್ತು.

ಕಳೆದ ವಾರ ಸತ್ತ ಕ್ರೇನ್ ಚಾಲಕನ ಹೆಸರಿಗೆ ಪಟ್ಟಿ ಮುಗಿಯಿತು. ಅವಳು ಉಸಿರು ಬಿಟ್ಟಳು.

“ಫುರ್ಲಾನ್ ವಿಲ್ಮಾ,” ಎಂದಿತು ದನಿ.

ನೆರಿನಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ತಾನು ಹೇಳದಿದ್ದರೆ ತಂಗಿ ಉಳಿಯುತ್ತಾಳೆ ಎಂದು ಆ ಕ್ಷಣ ಅವಳಿಗೆ ಖಂಡಿತವಾಗಿ ಅನ್ನಿಸಿತು. ದನಿ ಬೇಸರಪಡದೆ ಮತ್ತೆ ಹೇಳಿಕೊಟ್ಟಿತು. ಮತ್ತೆ ಇನ್ನೊಮ್ಮೆ.

“ಮುಗೀತೇ, ಮಾನ್ಯ ಸದಸ್ಯರೇ?” ಎಂದು ಅಧ್ಯಕ್ಷರು ಕೇಳಿದರು.

ಹೌದು, ಹೌದು ಎಂದು ತಲೆಯಾಡಿಸಿದಳು. ಅಂಗೈಗಳ ಹಿಂದೆ ಅವಳ ನಾಲಿಗೆ ಆ ಹೆಸರನ್ನು ಹೇಳುತ್ತಲೇ ಇತ್ತು.